ತೋಟದ ಕೆಲಸದ ಪಟ್ಟಿ: ನಾಲ್ಕು ಫೋನ್, ಎರಡು ಕಂಪ್ಯೂಟರ್, ಒಂದು ಗೋಡೆ

ನಮ್ಮ ದ್ರಾಕ್ಷಿ ತೋಟ ಇರುವುದು ತಿಕೋಟಾ ಕಡೆ. ಮನೆ ವಿಜಯಪುರದಲ್ಲಿ. ನಡುವೆ ಅಥಣಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ಅಣ್ಣ ಹೆಚ್ಚುಕಡಿಮೆ ತೋಟದ ಮನೆಯಲ್ಲೇ ಇರುತ್ತಾನೆ. ವೈನಿ (ಅಣ್ಣನ ಹೆಂಡತಿ) ಊರಲ್ಲಿದ್ದುಕೊಂಡು ಲೆಕ್ಕ, ಔಷಧಿ ಖರೀದಿ, ಆಳುಗಳ ಪಗಾರ ನೋಡುತ್ತಾರೆ. ನನ್ನದು ಒಂದು ಪುಟ್ಟ ಕಂಪ್ಯೂಟರ್ ರಿಪೇರಿ ಅಂಗಡಿ. ಡ್ರಿಪ್ ವಾಲ್ವ್ ತಿರುಗಿಸುವ ಹುಡುಗ ಒಬ್ಬನಿದ್ದಾನೆ. ಇನ್ನು ಅಪ್ಪ. ಅವರ ಪಟ್ಟಿ ಶೆಡ್ಡಿನ ಗೋಡೆ ಮೇಲೆ, ಸೀಮೆಸುಣ್ಣದಲ್ಲಿ.

2025ರ ಜನವರಿಯಲ್ಲಿ ಒಂದೇ ಪ್ಲಾಟಿಗೆ ಒಂದೇ ದಿನ 0-0-50 ಗೊಬ್ಬರ ಎರಡು ಸಲ ಹೋಯಿತು. ಬೆಳಿಗ್ಗೆ ಹುಡುಗ ಡ್ರಿಪ್‌ನಲ್ಲಿ ಬಿಟ್ಟಿದ್ದ. ವಾಟ್ಸಾಪ್ ಗ್ರೂಪಿನಲ್ಲಿ 'ಆಯ್ತು' ಅಂತ ಹಾಕಿಯೂ ಇದ್ದ. ಆ 'ಆಯ್ತು' ಯಾವ ಕೆಲಸದ್ದು ಅಂತ ಯಾರಿಗೂ ತಿಳಿಯಲಿಲ್ಲ. ಅದರ ಕೆಳಗೆ ಯಾರದೋ ಹುಟ್ಟುಹಬ್ಬದ ಹಾರೈಕೆ, ಎರಡು ಫಾರ್ವರ್ಡ್ ಬಂದು ಕೂತಿದ್ದವು. ಸಂಜೆ ಅಣ್ಣ ಮತ್ತೆ ಬಿಟ್ಟ. ಗಿಡಕ್ಕೆ ಏನೂ ಆಗಲಿಲ್ಲ, ಚೀಲದ ದುಡ್ಡು ಹೋಯಿತು. ಮನೆಯಲ್ಲಿ ನಡೆದ ಮಾತುಕತೆ ಬೇಡ ಬಿಡಿ.

"ಊರ ಮಂದಿ ಕಂಪ್ಯೂಟರ್ ರಿಪೇರಿ ಮಾಡ್ತಿ, ನಮಗೊಂದು ಪಟ್ಟಿ ಮಾಡಿಕೊಡಾಕ ಆಗಂಗಿಲ್ಲ?" ಅಂದರು ವೈನಿ. ಅಲ್ಲಿಂದ ಶುರು.

ಬೇಕಾದದ್ದು ಇಷ್ಟು. ಅಂಗಡಿಯ ಕಂಪ್ಯೂಟರ್, ಮನೆಯ ಕಂಪ್ಯೂಟರ್, ನಾಲ್ಕು ಆಂಡ್ರಾಯ್ಡ್ ಫೋನ್: ಎಲ್ಲದರಲ್ಲೂ ಒಂದೇ ಪಟ್ಟಿ ಕಾಣಬೇಕು. ತೋಟದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಹೋದರೆ ಹೋಯಿತು. ಹೋದಾಗಲೂ ಟಿಕ್ ಹಾಕಲು ಬರಬೇಕು. ಕನ್ನಡದಲ್ಲಿ ಬರೆಯಲು ಬರಬೇಕು. ಇದಕ್ಕೆ ರೆಡಿಮೇಡ್ ಆ್ಯಪ್‌ಗಳು ಬೇಕಾದಷ್ಟಿವೆ. ಹೆಚ್ಚಿನವರಿಗೆ ಅವೇ ಸಾಕು, ಸುಳ್ಳು ಯಾಕೆ ಹೇಳಲಿ. ನಮ್ಮ ತೊಂದರೆ ಬೇರೆ.

ದ್ರಾಕ್ಷಿಯಲ್ಲಿ ತಾರೀಖು ಹಿಡಿದು ಯಾರೂ ಮಾತಾಡುವುದಿಲ್ಲ. ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು. ಏಪ್ರಿಲ್ ಚಾಟ್ನಿ ಕಡ್ಡಿ ತಯಾರಾಗಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಚಾಟ್ನಿ ಮಾಡಿದ ದಿನದಿಂದ ಎಣಿಕೆ. "ಇವತ್ತ ನಲವತ್ತನೇ ದಿನ" ಅಂದರೆ ಏನು ಮಾಡಬೇಕು ಅಂತ ಅಣ್ಣನಿಗೆ ಗೊತ್ತು. ನಮ್ಮದು ಮೂರು ಪ್ಲಾಟು. ಮೂರಕ್ಕೂ ಬೇರೆ ಬೇರೆ ದಿನ ಚಾಟ್ನಿ. ಅಂದರೆ ಒಂದೇ ಕೆಲಸ ಮೂರು ತಾರೀಖಿಗೆ ಬರುತ್ತದೆ. ಒಂದು ಪ್ಲಾಟಿಗೆ 64 ಕೆಲಸ, ಮೂರಕ್ಕೆ 192. ಇದನ್ನು ಬೆರಳಲ್ಲಿ ಒಂದೊಂದಾಗಿ ಆ್ಯಪ್‌ಗೆ ತುಂಬುವವರು ಯಾರು? ಚಾಟ್ನಿ ತಾರೀಖು ಕೊಟ್ಟರೆ ಉಳಿದದ್ದು ತಾನೇ ಬೀಳಬೇಕು. ಹಾಗಾಗಿ ಪಟ್ಟಿಯ ಒಳಗೆ ನಾನೇ ಕೈ ಹಾಕುವಂತಿರಬೇಕಿತ್ತು.

ಏಪ್ರಿಲ್: ಒಂದೇ ಫೈಲಿನ ಆಸೆ

ಮೊದಲು ಹಿಡಿದದ್ದು ಸುಲಭದ ದಾರಿ. ಒಂದು ಟೆಕ್ಸ್ಟ್ ಫೈಲ್. ಒಂದು ಸಾಲಿಗೆ ಒಂದು ಕೆಲಸ. ಮುಗಿದರೆ ಸಾಲಿನ ಮುಂದೆ ಒಂದು ಗುರುತು. ಇದನ್ನು ಸಿಂಕ್‌ಥಿಂಗ್ ಎಂಬ ಸಾಫ್ಟ್‌ವೇರ್‌ನಿಂದ ಎಲ್ಲ ಕಡೆ ಹಂಚಿದೆ. ಅದು ನಡುವೆ ಯಾವ ಕಂಪನಿಯ ಸರ್ವರ್‌ನಲ್ಲೂ ಫೈಲ್ ಇಡದೆ ಯಂತ್ರದಿಂದ ಯಂತ್ರಕ್ಕೆ ಸಾಗಿಸುತ್ತದೆ. ಅದರ ಮೂಲ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರ್‌ನಲ್ಲೇ ನಿಂತುಹೋಗಿತ್ತು. ಬೇರೆಯವರು ಮುಂದುವರಿಸಿದ ಕವಲನ್ನು ಹಾಕಿಕೊಂಡೆ.

ಒಬ್ಬನೇ ಬಳಸುವವರೆಗೆ ಚೆನ್ನಾಗಿಯೇ ಇತ್ತು. ಎರಡನೇ ವಾರ ಅಣ್ಣ ತೋಟದಲ್ಲಿ ನೆಟ್ ಇಲ್ಲದಾಗ ಮೂರು ಕೆಲಸಕ್ಕೆ ಗುರುತು ಹಾಕಿದ. ಅದೇ ಹೊತ್ತಿಗೆ ವೈನಿ ಮನೆಯಲ್ಲಿ ಹೊಸದಾಗಿ ಎರಡು ಸಾಲು ಸೇರಿಸಿದರು. ಸಂಜೆ ಫೋನಿಗೆ ನೆಟ್ ಬಂತು. ಸಿಂಕ್‌ಥಿಂಗ್ ನೋಡಿತು: ಒಂದೇ ಫೈಲು, ಎರಡು ಕಡೆ ಬದಲಾಗಿದೆ. ಸಾಲುಗಳನ್ನು ಕೂಡಿಸುವುದು ಅದರ ಕೆಲಸವಲ್ಲ. ಅದಕ್ಕೆ ಫೈಲ್ ಅಂದರೆ ಒಂದು ಇಡೀ ಗಂಟು. ಕೊನೆಗೆ ಬದಲಾದ ಗಂಟನ್ನು ಇಟ್ಟುಕೊಂಡು, ಹಳೆಯದಕ್ಕೆ 'ಸಿಂಕ್ ಕಾನ್‌ಫ್ಲಿಕ್ಟ್' ಅಂತ ಹೆಸರು, ತಾರೀಖು, ಗಂಟೆ ಅಂಟಿಸಿ ಪಕ್ಕಕ್ಕೆ ಇಟ್ಟಿತು. ಏನನ್ನೂ ಕಳೆಯಲಿಲ್ಲ, ಪ್ರಾಮಾಣಿಕ ಪ್ರಾಣಿ. ಆದರೆ ಅಣ್ಣನ ಮೂರು ಗುರುತು ಪಟ್ಟಿಯಿಂದ ಮಾಯ.

ಜುಲೈ ಹೊತ್ತಿಗೆ ಆ ಫೋಲ್ಡರ್‌ನಲ್ಲಿ ಇಂಥ 23 ಫೈಲ್ ಕೂತಿದ್ದವು. ಪ್ರತಿ ಭಾನುವಾರ ಅವನ್ನು ಪಕ್ಕಪಕ್ಕ ಇಟ್ಟು ಹೊಂದಿಸುವುದು ನನ್ನ ಕೆಲಸವಾಯಿತು. ಬುದ್ಧಿ ಬಂದದ್ದು ಆಗ. ಕೂಡುಕುಟುಂಬದ ಹೊಲವನ್ನು ಒಂದೇ ಸರ್ವೆ ನಂಬರಿನಲ್ಲಿ ಇಟ್ಟರೆ ಜಗಳ ತಪ್ಪುವುದಿಲ್ಲ. ಪೋಡಿ ಮಾಡಿಸಬೇಕು. ಪ್ರತಿ ಕೆಲಸವೂ ಬೇರೆ ಫೈಲ್ ಆಗಬೇಕು.

ಆಗಸ್ಟ್: ಪುಟ್ಟ ಸರ್ವರ್

ಕ್ಯಾಲ್‌ಡ್ಯಾವ್ ಎಂಬ ಪದ್ಧತಿ ಹಾಗೇ ನಡೆಯುವುದು. ಹೊಸದೇನಲ್ಲ, ಇಂಟರ್ನೆಟ್ ನಿಯಮಗಳ ಪತ್ರ ಆರ್‌ಎಫ್‌ಸಿ 4791, 2007ರದ್ದು. ಕ್ಯಾಲೆಂಡರ್ ಹಂಚಲು ಮಾಡಿದ್ದು. ಆದರೆ ಅದರೊಳಗೆ 'ವಿಟೂಡೂ' ಎಂಬ ತುಂಡು ಇದೆ, ಅದು ಮಾಡಬೇಕಾದ ಕೆಲಸಕ್ಕಾಗಿಯೇ ಇರುವುದು. ಒಂದು ಕೆಲಸಕ್ಕೆ ಒಂದು ಫೈಲ್. ಪ್ರತಿ ಫೈಲಿಗೂ ಸರ್ವರ್ ಒಂದು ಇಟ್ಯಾಗ್ ಕೊಡುತ್ತದೆ. ದಲ್ಲಾಳಿ ಅಂಗಡಿಯ ಚೀಟಿ ನಂಬರ್ ಇದ್ದಂತೆ. ಫೈಲ್ ಬದಲಾದರೆ ನಂಬರ್ ಬದಲು. ಫೋನ್ ತನ್ನ ಬದಲಾವಣೆ ಕಳಿಸುವಾಗ "ನನ್ನ ಹತ್ತಿರ ಇರುವುದು ಈ ನಂಬರಿನ ಚೀಟಿ, ಇದೇ ಇದ್ದರೆ ಮಾತ್ರ ಬದಲಿಸು" ಅನ್ನುತ್ತದೆ. ಅಷ್ಟರಲ್ಲಿ ಬೇರೆ ಯಾರೋ ಬದಲಿಸಿದ್ದರೆ ಸರ್ವರ್ 412 ಅಂತ ಹೇಳಿ ವಾಪಸ್ ಕಳಿಸುತ್ತದೆ. ಕದ್ದು ಮೇಲೆ ಬರೆಯುವ ದಾರಿ ಇಲ್ಲ.

ಸರ್ವರ್‌ಗೆ ರಾಡಿಕೇಲ್ ಆರಿಸಿದೆ. ಪೈಥಾನ್‌ನಲ್ಲಿ ಬರೆದದ್ದು. ಡೇಟಾಬೇಸ್ ಇಲ್ಲ. ಕೆಲಸಗಳನ್ನು ಸಾದಾ ಫೋಲ್ಡರ್‌ನಲ್ಲಿ ಸಾದಾ ಫೈಲ್‌ಗಳಾಗಿ ಇಡುತ್ತದೆ, ತೆರೆದು ಕಣ್ಣಿಂದ ಓದಬಹುದು. ರಿಪೇರಿ ಮಾಡುವವನಿಗೆ ಇದಕ್ಕಿಂತ ಇನ್ನೇನು ಬೇಕು? ಯಂತ್ರಕ್ಕೆ ಅಂಗಡಿಯಲ್ಲಿ ಸುಮ್ನೆ ಬಿದ್ದಿದ್ದ ಪುಟ್ಟ ಬೋರ್ಡ್ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ. 512 ಎಂಬಿ ಮೆಮೊರಿ. ಈ ಕೆಲಸಕ್ಕೆ ಅದೇ ಜಾಸ್ತಿ.

ಹಾಕುವುದರಲ್ಲಿ ದೊಡ್ಡ ಕಥೆ ಇಲ್ಲ. ಡೆಬಿಯನ್ 12ರ ಮೇಲಿನ ಪೈ ಓಎಸ್ ಈಗ ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಿಂದ ನೇರವಾಗಿ ಹಾಕಲು ಬಿಡುವುದಿಲ್ಲ. ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ ಅದರೊಳಗೆ ಹಾಕಬೇಕು. ರಾಡಿಕೇಲ್ ಮೊದಲಿಗೆ ತನ್ನ ಯಂತ್ರದ ಮಾತು ಮಾತ್ರ ಕೇಳುತ್ತದೆ. ಕಾನ್ಫಿಗ್‌ನಲ್ಲಿ ಹೋಸ್ಟ್ಸ್ ಎಂಬ ಕಡೆ 0.0.0.0, ಪೋರ್ಟ್ 5232 ಅಂತ ಕೊಟ್ಟರೆ ಮನೆಯ ವೈಫೈಯವರೆಲ್ಲರ ಮಾತೂ ಕೇಳುತ್ತದೆ. ಪಾಸ್‌ವರ್ಡ್‌ಗಳು ಬಿಕ್ರಿಪ್ಟ್‌ನಲ್ಲಿ. ಆಮೇಲೆ ಅದರದೇ ವೆಬ್ ಪುಟದಲ್ಲಿ ಪಟ್ಟಿ ಸೃಷ್ಟಿಸುವಾಗ ಟಾಸ್ಕ್ಸ್ ಸೇರಿರುವ ಬಗೆಯನ್ನೇ ಆರಿಸಬೇಕು. ನಾನು ಮೊದಲು ಅಡ್ರೆಸ್‌ಬುಕ್ ಆರಿಸಿ, ಫೋನಿನಲ್ಲಿ ಪಟ್ಟಿ ಯಾಕೆ ಬರುತ್ತಿಲ್ಲ ಅಂತ ಒಂದು ಗಂಟೆ ತಲೆ ಕೆರೆದುಕೊಂಡೆ.

ಹಂಚುವುದರಲ್ಲಿ ಒಂದು ಚಿಕ್ಕ ಉಪಾಯ ಮಾಡಿದೆ. ಎಲ್ಲರಿಗೂ ಒಂದೇ ಲಾಗಿನ್ ಕೊಟ್ಟರೆ ಸುಲಭ, ಆದರೆ ಯಾರು ಟಿಕ್ ಹಾಕಿದರು ಅಂತ ತಿಳಿಯುವುದಿಲ್ಲ. ಬೇರೆ ಬೇರೆ ಲಾಗಿನ್ ಕೊಟ್ಟರೆ, ಒಬ್ಬರ ಪಟ್ಟಿ ಇನ್ನೊಬ್ಬರ ಫೋನಿಗೆ ಕಾಣುವುದಿಲ್ಲ. ಫೋನ್ ತನ್ನ ಮನೆಯನ್ನು ಮಾತ್ರ ಹುಡುಕುತ್ತದೆ. ಹಾಗಾಗಿ ಪಟ್ಟಿಯ ಫೋಲ್ಡರನ್ನು ಒಬ್ಬರ ಹೆಸರಲ್ಲಿ ಇಟ್ಟು, ಉಳಿದ ಮೂವರ ಫೋಲ್ಡರ್‌ನಲ್ಲಿ ಅದಕ್ಕೆ ಸಿಮ್‌ಲಿಂಕ್ ಹಾಕಿದೆ. ಒಂದೇ ಕೋಣೆಗೆ ನಾಲ್ಕು ಬಾಗಿಲು. ಜೊತೆಗೆ ರಾಡಿಕೇಲ್‌ನ ಸ್ಟೋರೇಜ್ ಹುಕ್‌ನಲ್ಲಿ ಗಿಟ್ ಕಟ್ಟಿದೆ, ಅದು ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಫ್ಟ್‌ವೇರ್. ಯಾರೇ ಏನೇ ಬದಲಿಸಲಿ, ಅವರ ಹೆಸರಿನೊಂದಿಗೆ ಒಂದು ಕಮಿಟ್ (ದಾಖಲೆ) ಬೀಳುತ್ತದೆ. ಈ ಒಂದು ಸಾಲು ಮುಂದೆ ಎಷ್ಟು ಜಗಳ ತಪ್ಪಿಸಿತು ಅಂತ ನನಗೆ ಗೊತ್ತು.

ಕಂಪ್ಯೂಟರ್‌ಗಳಲ್ಲಿ ಥಂಡರ್‌ಬರ್ಡ್. 2020ರ 78ನೇ ಆವೃತ್ತಿಯಿಂದ ಕ್ಯಾಲೆಂಡರ್, ಟಾಸ್ಕ್ ಎರಡೂ ಅದರೊಳಗೇ ಬಂದಿವೆ. ಫೋನಿನಲ್ಲಿ ಎರಡು ಆ್ಯಪ್: ಸಾಗಿಸಲು ಡ್ಯಾವ್‌ಎಕ್ಸ್5, ನೋಡಲು ಟಾಸ್ಕ್ಸ್.ಆರ್ಗ್. ಎರಡನ್ನೂ ಎಫ್-ಡ್ರಾಯ್ಡ್‌ನಿಂದ ಹಾಕಿದೆ.

ತೋಟದಿಂದ ಮನೆಯ ಪೈಗೆ ತಲುಪುವುದು ಹೇಗೆ? ನಮ್ಮ ಇಂಟರ್ನೆಟ್‌ಗೆ ಸ್ವಂತ ಐಪಿ ಇಲ್ಲ. ಹತ್ತಾರು ಮನೆಗೆ ಸೇರಿ ಒಂದೇ ಐಪಿ, ಹೊರಗಿಂದ ಬಾಗಿಲು ತಟ್ಟಲು ಬರುವುದಿಲ್ಲ. ಟೇಲ್‌ಸ್ಕೇಲ್ ಹಾಕಿದೆ. ಅದು ವೈರ್‌ಗಾರ್ಡ್ ಸುರಂಗ ಕಟ್ಟಿ ಪ್ರತಿ ಯಂತ್ರಕ್ಕೂ 100ರಿಂದ ಶುರುವಾಗುವ ಒಂದು ವಿಳಾಸ ಕೊಡುತ್ತದೆ. ಒಂದೇ ಕಿರಿಕಿರಿ: ಆಂಡ್ರಾಯ್ಡ್‌ನಲ್ಲಿ ಒಂದು ಹೊತ್ತಿಗೆ ಒಂದೇ ವಿಪಿಎನ್ ನಡೆಯುತ್ತದೆ. ಡ್ರಿಪ್ ಹುಡುಗ ಯಾವುದೋ ಬಿಟ್ಟಿ ವಿಪಿಎನ್ ಆನ್ ಮಾಡಿದರೆ ನಮ್ಮದು ಆಫ್. ಯಾಕೆ ಆನ್ ಮಾಡುತ್ತಾನೆ ಅಂತ ನಾನು ಕೇಳಿಲ್ಲ.

ಸೆಪ್ಟೆಂಬರ್: ಎ ಪಕ್ಕದಲ್ಲಿ ಪುಟ್ಟ 2

ಈಗ ಅಸಲು ಕೆಲಸ. ವೈನಿ ಲಿಬ್ರೆ ಆಫೀಸ್‌ನಲ್ಲಿ ಒಂದು ತಖ್ತೆ ಮಾಡಿದರು: ಎಷ್ಟನೇ ದಿನ, ಏನು ಕೆಲಸ, ಯಾರು, ಟಿಪ್ಪಣಿ. ನಾನು ಪೈಥಾನ್‌ನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಪ್ಲಾಟು, ಚಾಟ್ನಿ ತಾರೀಖು ಕೊಟ್ಟರೆ ಪ್ರತಿ ಸಾಲಿಗೂ ಒಂದು ವಿಟೂಡೂ ಮಾಡಿ ಸರ್ವರ್‌ಗೆ ಹಾಕುತ್ತದೆ. ಬೇರೆಯವರು ಬರೆದಿಟ್ಟ ಲೈಬ್ರರಿ ಯಾಕೆ, ಇಷ್ಟೇ ತಾನೆ, ಕೈಯಲ್ಲೇ ಬರೆಯೋಣ ಅಂದುಕೊಂಡೆ. ದೊಡ್ಡಸ್ತಿಕೆ.

ಸುಳ್ಳು ತಾರೀಖು ಕೊಟ್ಟು ಒಂದು ಸಲ ಓಡಿಸಿದೆ. ಫೋನ್ ತೆರೆದರೆ ಹೆಚ್ಚಿನ ಕೆಲಸಗಳು ಸರಿಯಾಗಿ ಕನ್ನಡದಲ್ಲಿ ಬಂದಿವೆ. ಕೆಲವು ಮಾತ್ರ ಕಸ. ಇಂಗ್ಲಿಷಿನ ಚಿಕ್ಕ 'ಎ' ಅಕ್ಷರ, ಅದರ ತಲೆ ಮೇಲೆ ಓರೆ ಗೀರು, ಪಕ್ಕದಲ್ಲಿ ಮೇಲಕ್ಕೆ ಕೂತ ಪುಟ್ಟ 2 ಇಲ್ಲವೇ 3. ಮತ್ತೆ ಎ, ಮತ್ತೆ 2. ಸಾಲುಗಟ್ಟಲೆ. ಕನ್ನಡವನ್ನು ಹಳೆಯ ಯುರೋಪಿನ ಅಕ್ಷರಪಟ್ಟಿಯಲ್ಲಿ ಓದಿದರೆ ಹೀಗೆ ಕಾಣುತ್ತದೆ. ಎಲ್ಲ ಭಾಷೆಯ ಅಕ್ಷರ ಬರೆದಿಡುವ ಈಗಿನ ಪದ್ಧತಿ ಯುಟಿಎಫ್-8. ಅದರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಯಾವಾಗಲೂ ಒಂದೇ, ಅದೇ ಆ ಗೀರಿನ ಎ. ಎರಡನೆಯದು ಎರಡರಲ್ಲೊಂದು, ಅದೇ ಆ 2 ಮತ್ತು 3.

ಕಸ ಯಾಕೆ ಅಂತ ಗೊತ್ತಾಯಿತು. ಕೆಲವಕ್ಕೆ ಮಾತ್ರ ಯಾಕೆ? ಎರಡು ರಾತ್ರಿ ಅದರಲ್ಲೇ ಹೋದವು.

ಚಿಕ್ಕ ಹೆಸರಿನವು ಯಾವುವೂ ಕೆಟ್ಟಿರಲಿಲ್ಲ. 'ಡೌನಿ ಸ್ಪ್ರೇ' ಸರಿ. 'ಭೂರಿ ಸ್ಪ್ರೇ' ಸರಿ. ಉದ್ದದವು ಕೆಟ್ಟಿದ್ದವು, ಅವೂ ಎಲ್ಲ ಅಲ್ಲ. ಕೊನೆಗೆ ಕಾಗದ ತೆಗೆದುಕೊಂಡು ಬೈಟ್ ಎಣಿಸಲು ಕೂತೆ. ಇಂಥ ಕೆಲಸದ ಫೈಲ್ ಬರೆಯುವ ಐಕ್ಯಾಲೆಂಡರ್ ಪದ್ಧತಿಯ ನಿಯಮ ಇದು, ಆರ್‌ಎಫ್‌ಸಿ 5545: ಒಂದು ಸಾಲು 75 ಬೈಟ್ ಮೀರಬಾರದು. ಮೀರಿದರೆ ಮುರಿದು, ಮುಂದಿನ ಸಾಲನ್ನು ಒಂದು ಸ್ಪೇಸ್‌ನಿಂದ ಶುರು ಮಾಡಬೇಕು. ನನ್ನ ಸ್ಕ್ರಿಪ್ಟ್ ಶ್ರದ್ಧೆಯಿಂದ 75ನೇ ಬೈಟಿಗೆ ಮಚ್ಚು ಹಾಕುತ್ತಿತ್ತು.

ಲೆಕ್ಕ ನೋಡಿ. ಸಾಲಿನ ಮೊದಲಿಗೆ 'ಸಮರಿ' ಎಂಬ ಇಂಗ್ಲಿಷ್ ಪದ, ಕೋಲನ್ ಸೇರಿ 8 ಬೈಟ್. ಉಳಿದದ್ದು 67. ಕನ್ನಡದ 22 ಚಿಹ್ನೆಗೆ 66. ಉಳಿದ ಒಂದು ಬೈಟ್ 23ನೇ ಚಿಹ್ನೆಯ ಮೂರನೇ ಒಂದು ಚೂರು. ಅಕ್ಷರ ನಡುವೆ ಸೀಳಿತು. ಸೀಳಿದ ಚೂರು ಸರಿಯಾದ ಯುಟಿಎಫ್-8 ಅಲ್ಲ. ಸರ್ವರ್ ಹಾಗೆ ಓದಲು ಹೋಗಿ, ಆಗದೆ, ಹಳೆಯ ಯುರೋಪಿನ ಪಟ್ಟಿಯಲ್ಲಿ ಇಡೀ ಫೈಲನ್ನೇ ಓದಿಬಿಟ್ಟಿತು. ಪದಗಳ ನಡುವಿನ ಸ್ಪೇಸ್‌ಗೆ ಒಂದೇ ಬೈಟ್. ಹಾಗಾಗಿ ಮಚ್ಚು ಬೀಳುವ ಮೊದಲು ಒಂದು ಸ್ಪೇಸ್ ಇದ್ದರೆ ಪಾರು. ನಾಲ್ಕಿದ್ದರೂ ಪಾರು. ಎರಡು, ಮೂರು ಇದ್ದರೆ ಕಸ. ಮೂರರಲ್ಲಿ ಎರಡು ಸಾಯುತ್ತವೆ, ಒಂದು ಬದುಕುತ್ತದೆ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಈ ತೊಂದರೆ ಜನ್ಮದಲ್ಲಿ ಬರುವುದಿಲ್ಲ.

ಇಲ್ಲಿ ಚಿಹ್ನೆ ಅಂದದ್ದು ನಾವು ಬಾಯಲ್ಲಿ ಹೇಳುವ ಅಕ್ಷರ ಅಲ್ಲ. 'ದ್ರಾಕ್ಷಿ' ನಮಗೆ ಎರಡೇ ಅಕ್ಷರ. ಕಂಪ್ಯೂಟರ್‌ಗೆ ದ, ಅರ್ಧಚಿಹ್ನೆ, ರ, ದೀರ್ಘ, ಕ, ಅರ್ಧಚಿಹ್ನೆ, ಷ, ಗುಡಿಸು ಅಂತ ಎಂಟು. 24 ಬೈಟ್. ಅಂದರೆ ಮೂರು ಸಲ ದ್ರಾಕ್ಷಿ ಅನ್ನುವಷ್ಟರಲ್ಲಿ ಸಾಲು ತುಂಬಿತು.

ಕೆಟ್ಟ ಕೆಲಸಗಳಲ್ಲಿ ಒಂದನ್ನು ನೋಡಿ ಹೊಟ್ಟೆಯಲ್ಲಿ ತಣ್ಣಗಾಯಿತು. ಅಕ್ಟೋಬರ್ ಚಾಟ್ನಿ ಆದ ಕೂಡಲೇ ಕಡ್ಡಿಯ ಕಣ್ಣು (ಮೊಗ್ಗು) ಒಡೆಯಲು ಹೈಡ್ರೋಜನ್ ಸಯನಮೈಡ್ ಪೇಸ್ಟ್ ಹಚ್ಚುತ್ತಾರೆ. ಚರ್ಮಕ್ಕೆ ಕೆಟ್ಟದ್ದು. ಮೇಲಾಗಿ ಅದನ್ನು ಹಚ್ಚಿದವರು ಸೆರೆ ಕುಡಿದರೆ ಮೈ ಕೆಂಪಾಗಿ, ಎದೆ ಹೊಡೆದುಕೊಂಡು ಬಹಳ ತ್ರಾಸಾಗುತ್ತದೆ. ವೈನಿ ಅದಕ್ಕೇ ಉದ್ದವಾಗಿ ಬರೆದಿದ್ದರು: ಕೈಗವಸು ಹಾಕಿಸಬೇಕು, ಕುಡಿಯುವವರನ್ನು ಈ ಕೆಲಸಕ್ಕೆ ಹಚ್ಚಬಾರದು. ಉದ್ದ ಇದ್ದದ್ದಕ್ಕೇ ಅದು ಕಸವಾಗಿತ್ತು. ಎಲ್ಲಕ್ಕಿಂತ ಓದಲೇಬೇಕಾದದ್ದೇ ಓದಲು ಬರುತ್ತಿರಲಿಲ್ಲ.

ದೊಡ್ಡಸ್ತಿಕೆ ಬಿಟ್ಟು ಪೈಥಾನ್‌ನ ಐಕ್ಯಾಲೆಂಡರ್ ಲೈಬ್ರರಿ ಹಾಕಿದೆ. ಅದು ಚಿಹ್ನೆಯ ಅಂಚು ನೋಡಿಯೇ ಮುರಿಯುತ್ತದೆ. ಸರಿ ಹೋಯಿತು.

ಸರಿಯಾಗಿದೆಯಾ ಅಂತ ನೋಡಲು ಮತ್ತೆ ಓಡಿಸಿದೆ. 192 ಇದ್ದದ್ದು 384 ಆಯಿತು. ಪ್ರತಿ ಸಲವೂ ಹೊಸ ಯುಐಡಿ ಹುಟ್ಟಿಸುತ್ತಿದ್ದೆ. ಆ ಗುರುತು ಬೇರೆಯಾದರೆ ಸರ್ವರ್‌ಗೆ ಅದು ಬೇರೆಯೇ ಕೆಲಸ. ಈಗ ಪ್ಲಾಟು, ವರ್ಷ, ಹಂಗಾಮು, ಸಾಲಿನ ನಂಬರ್ ಸೇರಿಸಿ ಯುಐಡಿ ಮಾಡುತ್ತೇನೆ. ಕಳಿಸುವಾಗ 'ಈ ಹೆಸರಿನದು ಈಗಾಗಲೇ ಇದ್ದರೆ ಮುಟ್ಟಬೇಡ' ಅನ್ನುವ ಹೆಡರ್ ಕೂಡ. ಹತ್ತು ಸಲ ಓಡಿಸಿದರೂ 192.

ಮತ್ತೆ ಮತ್ತೆ ಬರುವ ಕೆಲಸಗಳಿಗೆ ರಿಪೀಟ್ ನಿಯಮ ಹಾಕಬಹುದಲ್ಲ ಅಂತ ಕೇಳುವವರಿಗೆ: ಹಾಕಿ ನೋಡಿದೆ, ತೆಗೆದೆ. ಟಿಕ್ ಹಾಕಿದರೆ ಒಂದು ಆ್ಯಪ್ ಅದೇ ಕೆಲಸದ ತಾರೀಖನ್ನು ಮುಂದಕ್ಕೆ ತಳ್ಳುತ್ತದೆ. ಇನ್ನೊಂದು ಆ ದಿನದ್ದಕ್ಕೆ ಮಾತ್ರ ಬೇರೆ ಪ್ರತಿ ಹುಟ್ಟಿಸುತ್ತದೆ. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ಸೇರಿದರೆ ಗೊಂದಲ.

8 ಅಕ್ಟೋಬರ್: ಬೆಳಗಿನ ಐದೂವರೆ

ಮೊದಲ ಪ್ಲಾಟಿನ ಚಾಟ್ನಿ ಅಕ್ಟೋಬರ್ 7ಕ್ಕೆ ಆಯಿತು. ಆ ರಾತ್ರಿ ನಿಜವಾದ ಪಟ್ಟಿ ಹಾಕಿದೆ. ಮರುದಿನ ಬೆಳಿಗ್ಗೆ ಐದೂವರೆಗೆ ಸರಿಯಾಗಿ ನನ್ನ ಫೋನ್ ಕೂಗಿತು. ಪಕ್ಕದ ಕೋಣೆಯಲ್ಲಿ ವೈನಿಯ ಫೋನ್. ಐದು ನಿಮಿಷದಲ್ಲಿ ಅಣ್ಣನ ಕರೆ.

"ಏನೋ ತಮ್ಮಾ, ಹೊತ್ತು ಹುಟ್ಟೂದ್ರೊಳಗ ಒದರಾಕತ್ತೈತಿ. ಐದ ಸಲ ಒದರೇತಿ."

ಐದು ಕೆಲಸ, ಐದು ಸಲ. ಐದೂವರೆ ಅಂದ ಕೂಡಲೇ ನನಗೆ ನಗು ಬಂತು. ಯಾಕೆಂದರೆ ಭಾರತದ ಸಮಯ ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ನಾನು ಗಡುವನ್ನು ಅಕ್ಟೋಬರ್ 8, ಸೊನ್ನೆ ಗಂಟೆ, ಯುಟಿಸಿ ಅಂತ ಬರೆದಿದ್ದೆ. ಅಲ್ಲಿ ನಡುರಾತ್ರಿ ಆದಾಗ ಇಲ್ಲಿ ಐದೂವರೆ. ಪರೀಕ್ಷೆಯ ತಾರೀಖುಗಳೆಲ್ಲ ದೂರ ಇದ್ದದ್ದರಿಂದ ಮೊದಲು ಕೂಗಿರಲಿಲ್ಲ.

ಚಾಟ್ನಿಯ ಕೆಲಸಕ್ಕೆ ಗಂಟೆ ಇಲ್ಲ, ದಿನ ಮಾತ್ರ. ಐಕ್ಯಾಲೆಂಡರ್‌ನಲ್ಲಿ ಅದಕ್ಕೆ ಬೇರೆ ಬಗೆ ಇದೆ: ಇದು ಬರೀ ತಾರೀಖು ಅಂತ ಹೇಳಿ, ಎಂಟು ಅಂಕಿ ಮಾತ್ರ ಬರೆಯುವುದು, 20251008. ಸ್ಕ್ರಿಪ್ಟಿನಲ್ಲಿ ಡೇಟ್‌ಟೈಮ್ ಬದಲು ಡೇಟ್ ಕೊಟ್ಟರೆ ಲೈಬ್ರರಿಯೇ ಹಾಗೆ ಬರೆಯುತ್ತದೆ. ಶುರುವಿನ ದಿನವನ್ನೂ ಕೊಡುವುದಾದರೆ ಅದೂ ಬರೀ ತಾರೀಖೇ ಆಗಿರಬೇಕು. ಒಂದು ಗಂಟೆ ಸಮೇತ, ಇನ್ನೊಂದು ಗಂಟೆ ಇಲ್ಲದೆ ಇರುವಂತಿಲ್ಲ. ದಿನದ ಕೆಲಸವನ್ನು ಎಷ್ಟು ಹೊತ್ತಿಗೆ ನೆನಪಿಸಬೇಕು ಅಂತ ಟಾಸ್ಕ್ಸ್.ಆರ್ಗ್‌ನಲ್ಲೇ ಹೇಳಬಹುದು. ಏಳಕ್ಕೆ ಇಟ್ಟೆ. ಅಣ್ಣ ಆರೂವರೆ ಮಾಡಿಕೊಂಡ.

ಟಿಕ್ ಎಲ್ಲಿ ಹೋಯಿತು

ಅಕ್ಟೋಬರ್ ಕೊನೆಗೆ ಎರಡು ದೂರು ಬಂದವು. ಮೊದಲನೆಯದು ಹುಡುಗನ ಫೋನಿನದು: ಟಿಕ್ ಹಾಕಿದರೆ ಮಧ್ಯಾಹ್ನವಾದರೂ ಬೇರೆಯವರಿಗೆ ಬರುತ್ತಿರಲಿಲ್ಲ. ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆ ಡ್ಯಾವ್‌ಎಕ್ಸ್5 ಅನ್ನು ಮಲಗಿಸುತ್ತಿತ್ತು. ಅದಕ್ಕೆ ವಿನಾಯಿತಿ ಕೊಟ್ಟು, ಆಟೋಸ್ಟಾರ್ಟ್ ಬಿಟ್ಟು, ಸಿಂಕ್ ಅವಧಿಯನ್ನು ನಾಲ್ಕು ಗಂಟೆಯಿಂದ 15 ನಿಮಿಷಕ್ಕೆ ಇಳಿಸಿದೆ. ಮುಗಿಯಿತು.

ಎರಡನೆಯದು ಅಣ್ಣನದು. "ನಾ ಟಿಕ್ ಹಾಕೀನಿ, ಅದ ಹೋಗೇತಿ." ಗಿಟ್ ತೆಗೆದು ನೋಡಿದೆ. ಆ ಕೆಲಸದಲ್ಲಿ ಅಣ್ಣನ ಕಮಿಟ್ ಇಲ್ಲವೇ ಇಲ್ಲ. ವೈನಿಯದು ಇದೆ, ಬೆಳಿಗ್ಗೆ 10.12ಕ್ಕೆ. ಔಷಧಿಯ ರೇಟ್ ಟಿಪ್ಪಣಿಗೆ ಸೇರಿಸಿದ್ದರು. ನಡೆದದ್ದು ಇಷ್ಟು: ಅಣ್ಣ ನೆಟ್ ಇಲ್ಲದ ಕಡೆ ಟಿಕ್ ಹಾಕಿದ. ಅಷ್ಟರಲ್ಲಿ ವೈನಿ ಅದೇ ಕೆಲಸ ಬದಲಿಸಿದರು. ಚೀಟಿ ನಂಬರ್ ಬದಲಾಯಿತು. ಅಣ್ಣನ ಫೋನಿಗೆ 412 ಬಂತು. ಡ್ಯಾವ್‌ಎಕ್ಸ್5ರ ನಿಯಮದಲ್ಲಿ ಜಗಳ ಬಂದರೆ ಸರ್ವರ್ ಗೆಲ್ಲುತ್ತದೆ. ಟಿಕ್ ಹೋಯಿತು.

ಒಂದು ಕೆಲಸಕ್ಕೆ ಒಂದು ಫೈಲ್ ಮಾಡಿದ್ದರಿಂದ ಜಗಳ 192 ಸಾಲಿನಿಂದ ಒಂದು ಸಾಲಿಗೆ ಇಳಿದಿತ್ತು. ಸೊನ್ನೆಗೆ ಇಳಿದಿರಲಿಲ್ಲ. ಇದನ್ನು ಕೋಡಿನಿಂದ ಸರಿ ಮಾಡಲು ಹೋಗಲಿಲ್ಲ. ಊಟಕ್ಕೆ ಕೂತಾಗ ಒಂದು ಮಾತು ಆಯಿತು: ಒಂದು ಕೆಲಸದ ದಿನ ಬಂದ ಮೇಲೆ ಅದನ್ನು ಮುಟ್ಟುವುದು ತೋಟದಲ್ಲಿ ಇದ್ದವರು ಮಾತ್ರ. ರೇಟು, ಬಿಲ್ಲು ವೈನಿಯ ಬೇರೆ ಪಟ್ಟಿಯಲ್ಲಿ. ಆಮೇಲೆ ಒಂದೂ ಟಿಕ್ ಹೋಗಿಲ್ಲ.

ನವೆಂಬರ್: ಕಾರ್ಡು, ಗಡಿಯಾರ

ಕರೆಂಟ್ ಹೋಗಿ ಬಂದು, ಹೋಗಿ ಬಂದು, ಒಂದು ದಿನ ಪೈನ ಎಸ್‌ಡಿ ಕಾರ್ಡ್ ಓದುತ್ತದೆ, ಬರೆಯುವುದಿಲ್ಲ ಅನ್ನುವ ಸ್ಥಿತಿಗೆ ಬಂತು. ಗಿಟ್‌ನ ಪ್ರತಿ ರಾತ್ರಿಯ ನಕಲು ಅಂಗಡಿಯ ಕಂಪ್ಯೂಟರ್‌ನಲ್ಲಿತ್ತು. ಹೊಸ ಕಾರ್ಡಿಗೆ ಹಾಕಿ ಎಬ್ಬಿಸಲು ನಲವತ್ತು ನಿಮಿಷ. ಫೋನ್‌ಗಳು ಒಮ್ಮೆ ಎಲ್ಲವನ್ನೂ ಮೊದಲಿಂದ ಎಣಿಸಿಕೊಂಡು ಸುಮ್ಮನಾದವು. ಈಗ ರೌಟರ್‌ಗೆ ಇಡುವ ಮಿನಿ ಯುಪಿಎಸ್ ತಂದಿದ್ದೇನೆ, ಅದರ 5 ವೋಲ್ಟ್ ಯುಎಸ್‌ಬಿಯಿಂದ ಪೈಗೂ ಕರೆಂಟ್. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಅದೇ ದಿನಗಳಲ್ಲಿ ಗಿಟ್‌ನ ವೇಳೆಗಳು ಹಿಂದುಮುಂದಾಗಿದ್ದನ್ನು ಕಂಡೆ. ಪೈ ಝೀರೋ 2 ಡಬ್ಲ್ಯೂಗೆ ಬ್ಯಾಟರಿಯ ಗಡಿಯಾರ ಇಲ್ಲ. ಎದ್ದಾಗ ಕೊನೆಗೆ ಬರೆದಿಟ್ಟ ಸಮಯದಿಂದಲೇ ಶುರು ಮಾಡುತ್ತದೆ, ನೆಟ್ ಬಂದ ಮೇಲೆ ತಿದ್ದಿಕೊಳ್ಳುತ್ತದೆ. ಕರೆಂಟ್ ಬಂದು ನೆಟ್ ಬಾರದ ದಿನ ಅದು ನಿನ್ನೆಯಲ್ಲೇ ಬದುಕುತ್ತದೆ. 150 ರೂಪಾಯಿಯ ಡಿಎಸ್3231 ಗಡಿಯಾರ ಮಾಡ್ಯೂಲ್ ತಂದೆ. ನನ್ನ ಪೈಗೆ ಪಿನ್‌ಗಳು ಇರಲಿಲ್ಲ, ನಾಲ್ಕೇ ವೈರ್ ಬೆಸೆದೆ: 1ನೇ ಪಿನ್ 3.3 ವೋಲ್ಟ್, 3 ಮತ್ತು 5 ಡೇಟಾ ಹಾಗೂ ಕ್ಲಾಕ್, 9 ಗ್ರೌಂಡ್. ಬೂಟ್ ಕಾನ್ಫಿಗ್‌ನಲ್ಲಿ ಆರ್‌ಟಿಸಿ ಓವರ್‌ಲೇ ಒಂದು ಸಾಲು. ಒಂದು ಎಚ್ಚರ: ದೊಡ್ಡ ಸೆಲ್ ಹೋಲ್ಡರ್ ಇರುವ ಮಾಡ್ಯೂಲ್‌ಗಳಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ, ಉಬ್ಬಿ ಒಡೆಯಬಹುದು. ಸೆಲ್ ಬೆಸೆದೇ ಬರುವ ಚಿಕ್ಕ ಮಾಡ್ಯೂಲ್ ತಂದರೆ ಅದರಲ್ಲಿ ಯಾವ ಸೆಲ್ ಇದೆ ನೋಡಿ. ದೊಡ್ಡದಾದರೆ ಆ ಸರ್ಕ್ಯೂಟಿನ ರೆಸಿಸ್ಟರ್ ತೆಗೆದು ಹಾಕಿ.

ಗೋಡೆ

ಇಷ್ಟೆಲ್ಲ ಆದ ಮೇಲೂ ಅಪ್ಪನ ಗೋಡೆ ಹಾಗೇ ಇತ್ತು. ಅವರಿಗೆ ಫೋನಿನ ಅಕ್ಷರ ಕಾಣುವುದಿಲ್ಲ. ಕಂಡರೂ ಬೇಡ. ಆದರೆ ಶೆಡ್ಡಿನಲ್ಲಿ ದಿನವಿಡೀ ಇರುವವರು ಅವರೇ, ಯಾರು ಏನು ಮುಗಿಸಿದರು ಅಂತ ಮೊದಲು ಗೊತ್ತಾಗುವುದೂ ಅವರಿಗೇ. ಡಿಸೆಂಬರ್‌ನಲ್ಲಿ ಸ್ಕ್ರಿಪ್ಟಿಗೆ ಇನ್ನೊಂದು ತುಂಡು ಸೇರಿಸಿದೆ. ಪ್ರತಿ ಭಾನುವಾರ ಮುಂದಿನ ಏಳು ದಿನದ ಕೆಲಸಗಳನ್ನು ದೊಡ್ಡ ಅಕ್ಷರದಲ್ಲಿ ಒಂದು ಎ4 ಹಾಳೆಗೆ ಹಾಕುತ್ತದೆ. ಪ್ಲಾಟಿನ ಹೆಸರು, ಎಷ್ಟನೇ ದಿನ, ಕೆಲಸ, ಒಂದು ಖಾಲಿ ಚೌಕ. ತಾರೀಖು ಹಾಕಿದ್ದೆ, ಅಪ್ಪ ಬೇಡ ಅಂದರು. "ದಿನ ಬರದೀಯಲ್ಲ, ಸಾಕು."

ಹಾಳೆಯನ್ನು ಗೋಡೆಗೆ ಅಂಟಿಸುತ್ತಾರೆ. ಚೌಕದಲ್ಲಿ ಗೀರು ಹಾಕುತ್ತಾರೆ. ಸಂಜೆ ಅಣ್ಣ ಆ ಹಾಳೆಯ ಫೋಟೋ ಕಳಿಸುತ್ತಾನೆ. ಫೋನಿನಲ್ಲಿ ಟಿಕ್ ಬೀಳದೆ, ಹಾಳೆಯಲ್ಲಿ ಗೀರು ಬಿದ್ದದ್ದು ವಾರಕ್ಕೆ ಎರಡೋ ಮೂರೋ ಸಿಗುತ್ತವೆ. ವೈನಿ ಅವನ್ನು ಥಂಡರ್‌ಬರ್ಡ್‌ನಲ್ಲಿ ತುಂಬುತ್ತಾರೆ. ಗಿಟ್‌ನಲ್ಲಿ ಅವು ವೈನಿಯ ಹೆಸರಲ್ಲೇ ಬೀಳುತ್ತವೆ. ಅಪ್ಪನಿಗೆ ಒಂದು ಲಾಗಿನ್ ಮಾಡಿ, ಆ ಲಾಗಿನ್‌ನಿಂದ ತುಂಬಲು ವೈನಿಗೆ ಹೇಳಬೇಕು. ಇನ್ನೂ ಮಾಡಿಲ್ಲ.

ಪೆನ್ಸಿಲನ್ನು ದಾರಕ್ಕೆ ಕಟ್ಟಿ ಮೊಳೆಗೆ ತೂಗುಬಿಟ್ಟಿದ್ದೇನೆ. ಮೊದಲಿನದನ್ನು ಯಾರೋ ಒಯ್ದಿದ್ದರು.